ರಶಸ್ ಎಲ್ಲಿದೆ ಸ್ವಾಮಿ?

ವೀಕ್ಷಕರೇ, ಸಿನಿಮಾದವರು ‘ರಶಸ್’ ಅಂತಾರಲ್ಲ, ಅದು ನಮ್ಮ ಸಿಟಿ ಬಸ್ಸಿನ ರಶ್ ಅಲ್ಲ. ಕತ್ತರಿ ಬೀಳದ ಚಿತ್ರೀಕರಣ. ರೀಲಿನ ಕಾಲದಲ್ಲಿ ಅಂದು ತೆಗೆದ ನೆಗೆಟಿವ್ ಅವಸರದಲ್ಲಿ ಲ್ಯಾಬಿಗೆ ಹೋಗಿ ಪ್ರಿಂಟಾಗಿ ಬರಬೇಕಿತ್ತು. ಆ ಅವಸರವೇ ಹೆಸರಾಯ್ತು. ಅಮೆರಿಕದವರಿಗೆ ಅದೇ ‘ಡೈಲೀಸ್’. ತಪ್ಪಿದ ಡೈಲಾಗು, ಅಲುಗಿದ ಕ್ಯಾಮೆರಾ, ಎಲ್ಲವೂ ಅದರಲ್ಲಿರುತ್ತೆ.

ಕತ್ತರಿ ಆಡಿಸಿದರೆ ಸಿನಿಮಾ ಚೆನ್ನಾಗುತ್ತೆ. ಸುದ್ದಿ?

1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಲಾಠಿಯಿಂದ ಬಡಿದರು. ಎದುರು ಮನೆಯವರೊಬ್ಬರು ಅದನ್ನು ಚಿತ್ರೀಕರಿಸಿದರು. ಟೀವಿಗಳು ಶುರುವಿನ ಮಸುಕಾದ ಕೆಲವು ಸೆಕೆಂಡು ಕತ್ತರಿಸಿ ತೋರಿಸಿದವು. ಅಲ್ಲಿ ಕಿಂಗ್ ಒಬ್ಬ ಪೊಲೀಸನತ್ತ ನುಗ್ಗಿದಂತೆ ಕಾಣುತ್ತಿತ್ತು. 1992ರಲ್ಲಿ ಪೊಲೀಸರ ಪರ ವಕೀಲರು ಆ ಭಾಗವನ್ನೇ ಜ್ಯೂರಿಯ ಮುಂದಿಟ್ಟರು. ಜ್ಯೂರಿ ಯಾರನ್ನೂ ಅಪರಾಧಿ ಎನ್ನಲಿಲ್ಲ. ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು.

ಲಾಠಿ ಏಟು ನಿಜ, ಅನ್ಯಾಯವೂ ನಿಜ. ಆದರೆ ಜನ ನೋಡಿದ್ದು ಒಂದು ಟೇಪು, ಜ್ಯೂರಿ ನೋಡಿದ್ದು ಇನ್ನೊಂದು. ಮರೆಮಾಡಿದ ತುಣುಕು ಯಾವತ್ತೂ ಸುಮ್ಮನಿರಲ್ಲ, ಎದುರಾಳಿಯ ಕೈಗೆ ಆಯುಧವಾಗುತ್ತೆ.

ಅದಕ್ಕೇ ಹೇಳೋದು, ಯಾವ ಚಾನೆಲ್ಲೇ ಆಗಲಿ, ನಮ್ಮದೇ ಆಗಲಿ, ಹತ್ತು ಸೆಕೆಂಡು ತೋರಿಸಿ ತೀರ್ಪು ಕೊಟ್ಟರೆ ಧೈರ್ಯವಾಗಿ ಕೇಳಿ: ರಶಸ್ ಎಲ್ಲಿದೆ ಸ್ವಾಮಿ?