ಮೊದಲು ಗಡಿಗೆರೆ ಎಲ್ಲಿದೆ ನೋಡಿ

ಕೇಳುಗರೇ, ಬರುವ ಪತ್ರಗಳಲ್ಲೆಲ್ಲ ಒಂದೇ ಆತಂಕ: ಮಹಾನಗರಗಳ ಕಾಲ ಮುಗಿಯಿತಂತೆ, ಮುಂಬಯಿಯಲ್ಲಿ ಜನಸಂಖ್ಯೆಯೇ ಇಳಿಯಿತಂತೆ, ನಾಳೆ ಬೆಂಗಳೂರಿಗೂ ಅದೇ ಗತಿಯಂತೆ. ಮಗನಿಗೆ ಅಲ್ಲಿ ಮನೆ ಕೊಳ್ಳಬಹುದೇ?

ಇಳಿದದ್ದು ಸುಳ್ಳಲ್ಲ. ಮುಂಬಯಿ ನಗರ ಜಿಲ್ಲೆಯಲ್ಲಿ 2001ರಲ್ಲಿ 33 ಲಕ್ಷ ದಾಟಿದ್ದ ಜನ, 2011ರ ಜನಗಣತಿಯ ಹೊತ್ತಿಗೆ 31 ಲಕ್ಷವೂ ಇರಲಿಲ್ಲ. ಅದೇ ಹತ್ತು ವರ್ಷದಲ್ಲಿ ಪಕ್ಕದ ಠಾಣೆ ಜಿಲ್ಲೆ 81 ಲಕ್ಷದಿಂದ 1 ಕೋಟಿ 10 ಲಕ್ಷಕ್ಕೆ ಏರಿತು. ಇದನ್ನು ಯಾರೂ ಹೇಳುವುದಿಲ್ಲ!

ನಮ್ಮ ದೊಡ್ಡಪ್ಪ ಮುಂಬಯಿಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಸಂಸಾರ ಗಿರಗಾಂವ್‌ನ ಚಾಳಿನಲ್ಲಿ. ಮಕ್ಕಳು ದೊಡ್ಡವರಾದರು, ಒಂದು ಕೋಣೆ ಸಾಲದು, ಠಾಣೆ ಜಿಲ್ಲೆಯ ಡೊಂಬಿವಲಿಗೆ ಹೋದರು. ಚಾಳಿನ ಕೋಣೆಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬನ ಗಂಟುಮೂಟೆ ಬಂದು ಕೂತವು. ದೊಡ್ಡಪ್ಪ ಮಾತ್ರ ದಿನಾ ಲೋಕಲ್ ಹಿಡಿದು ಅದೇ ಗಲ್ಲಾಕ್ಕೆ ಬಂದರು. ಜನಗಣತಿಯ ಲೆಕ್ಕಕ್ಕೆ ಮುಂಬಯಿಗೆ ಒಂದು ಸಂಸಾರ ಖೋತಾ. ಗಲ್ಲಾಕ್ಕೆ ಏನು ಖೋತಾ ಆಯಿತು, ಹೇಳಿ?

ಇನ್ನೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ. ಪೇಟೆಯ ನಡುವೆ ಬಾಡಿಗೆ ಏರುತ್ತದೆ, ಮನೆಯಿದ್ದಲ್ಲಿ ಅಂಗಡಿ, ಆಫೀಸು ಬರುತ್ತವೆ, ವಾಸ ಅಂಚಿಗೆ ಸರಿಯುತ್ತದೆ. ಗಡಿಗೆರೆ ಹಳೆಯ ಜಾಗದಲ್ಲೇ ಉಳಿದರೆ ಊರು ಕುಗ್ಗಿದ ಹಾಗೆ ಕಾಣುತ್ತದೆ. ಗೆರೆಯನ್ನೇ ಹಿಗ್ಗಿಸಿದರೆ ಬೆಳಗಾಗುವುದರೊಳಗೆ ಊರು ಬೆಳೆದುಬಿಡುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಾಡಿದರಲ್ಲ, ಯಲಹಂಕದವರು ಮನೆ ಹೊಸ್ತಿಲು ದಾಟದೆಯೇ ಬೆಂಗಳೂರು ಪಾಲಿಕೆಯವರಾದರು! ಆದ್ದರಿಂದ ಊರಿನ ಅಂಕಿ ಹಿಡಿದು ಯಾರಾದರೂ ಗಾಬರಿಪಡಿಸಿದರೆ, ಗೆರೆ ಎಲ್ಲಿ ಎಳೆದಿದ್ದೀರಿ ಸ್ವಾಮಿ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಅರ್ಧ ಭವಿಷ್ಯವಾದಿಗಳು ಬಾಯಿ ಮುಚ್ಚುತ್ತಾರೆ.

ಊರು ಸೊರಗುವುದೆಂದರೆ ಏನೆಂದು ನೋಡಬೇಕಾದರೆ ಕೆಜಿಎಫ್‌ಗೆ ಹೋಗಿ. ಅಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಈಗ ಅಲ್ಲಿಯ ಜನ ನಸುಕಿಗೇ ಎದ್ದು ರೈಲು ಹತ್ತಿ ಕೆಲಸಕ್ಕೆ ಬರುವುದು ಎಲ್ಲಿಗೆ? ಮುಗಿಯಿತು ಮುಗಿಯಿತು ಅಂತ ನೀವು ಹೇಳುವ ಇದೇ ಬೆಂಗಳೂರಿಗೆ. ದುಡಿಮೆ ಹೋದರೆ ಊರು ಹೋದಂತೆ, ತಲೆಯೆಣಿಕೆ ಇಳಿದ ಮಾತ್ರಕ್ಕಲ್ಲ.

ಹಾಗಂತ ಬೆಂಗಳೂರಿಗೆ ಚಿಂತೆಯೇ ಇಲ್ಲವೆನ್ನುತ್ತಿಲ್ಲ. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಹಚ್ಚಿ ಮೇಲೆತ್ತಿ ತರುವ ಊರು ಅದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದ್ದು ನಿಮಗೇ ಗೊತ್ತು. ನನ್ನ ಸಮಯ ಮುಗಿಯುತ್ತಾ ಬಂತು, ಮನೆ ಕೊಳ್ಳುವವರಿಗೆ ಒಂದೇ ಮಾತು: ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಿಕೆ ಪಕ್ಕಕ್ಕಿಡಿ. ಏಪ್ರಿಲ್ ತಿಂಗಳಲ್ಲಿ ಆ ಬೀದಿಗೆ ಹೋಗಿ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಅಂತ ವಾಚ್‌ಮನ್‌ನನ್ನು ಕೇಳಿ, ಆಮೇಲೆ ಮುಂಗಡ ಕೊಡಿ.