ಹಾಲಿನವನು ಬಂದನೇ?

ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಾರೆ, "ಹಾಲಿನವನು ಬಂದನೇನಮ್ಮಾ?" ಸೊಸೆ, "ಬಂದ, ಅತ್ತೆ" ಅನ್ನುತ್ತಾರೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಅದೇ ಉತ್ತರ, ಅದೇ ದನಿಯಲ್ಲಿ. "ಆಗಲೇ ಹೇಳಿದೆನಲ್ಲ" ಎಂಬ ಮಾತನ್ನು ಅವರು ಬಿಟ್ಟೇಬಿಟ್ಟಿದ್ದಾರೆ.

ಅರಳುಮರುಳು ಅಂತೀವಲ್ಲ, ಇದು ಮಿದುಳಿನ ಕಾಯಿಲೆ, ಡಿಮೆನ್ಷಿಯಾ. ಈಗಿನದು ಮರೆತರೂ ಕೈಗೆ ರೂಢಿಯಾದದ್ದು ಎಷ್ಟೋ ಕಾಲ ಉಳಿಯುತ್ತದೆ. ಮುಂದೆ ಅವರೆಕಾಯಿಯ ಮೊರ ಇಟ್ಟರೆ ಸಾಕು, ಅಜ್ಜಿಯ ಬೆರಳು ತಾನಾಗಿ ಸುಲಿಯುತ್ತದೆ.

ನನ್ನ ಚಿಂತೆ ಸೊಸೆಯದು. ಅವರು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ! ಇಂಥವರ ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್ 14416 ಇದೆ. ಹಿರಿಯರ ಸಹಾಯವಾಣಿ 14567 ಇದೆ. ಪಕ್ಕದ ಮನೆಯ ನಾವೂ ಇದ್ದೇವೆ.

ನಿನ್ನೆ ಸಂಜೆ ಅಜ್ಜಿಯ ಜೊತೆ ಕೂತು ಅವರೆ ಸುಲಿದೆ. ಸೊಸೆ ಒಂದು ಗಂಟೆ ಮಲಗಿದರು. ಅಜ್ಜಿ ಏಳು ಸಲ ಕೇಳಿದರು. "ಬಂದ, ಅಜ್ಜಿ" ಅಂದೆ.