ಇಸವಿ ಇಲ್ಲದ ನಾಣ್ಯದ ವಯಸ್ಸು

ರೋಮ್ ಸಾಮ್ರಾಜ್ಯದ ಕೊನೆಗಾಲದ ನಾಣ್ಯಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಒಂದು ಮಗ್ಗುಲಲ್ಲಿ ಚಕ್ರವರ್ತಿಯ ಮುಖ, ಅದರ ಸುತ್ತ ಅವನ ಹೆಸರು. ಇನ್ನೊಂದು ಮಗ್ಗುಲಲ್ಲಿ ದೇವತೆಯೋ ಸೈನಿಕನೋ ಕುದುರೆಯೋ. ಹಾಗಿದ್ದೂ ನಾಣ್ಯ ಓದಲು ಬಲ್ಲವರು ಭೂತಗನ್ನಡಿ ಹಿಡಿದು ನೋಡಿ, ‘ಇದು ಕ್ರಿ.ಶ. 350ರ ಜೂನ್ ತಿಂಗಳಿನದು’ ಎಂದು ಹೇಳುವುದುಂಟು.

ಅವರು ಮೊದಲು ನೋಡುವುದು ಹೆಸರನ್ನು. ಕಾನ್‌ಸ್ಟಂಟೈನ್ ಎಂದಿದ್ದರೆ ಅವನು ಆಳಿದ್ದು 306ರಿಂದ 337ರವರೆಗೆ. ನಾಣ್ಯವೂ ಸಾಮಾನ್ಯವಾಗಿ ಆ 31 ವರ್ಷಗಳ ನಡುವಿನದು. ಆಮೇಲೆ ಕಣ್ಣು ಹೋಗುವುದು ಹಿಂಬದಿಯ ಚಿತ್ರದ ಕಾಲಬುಡಕ್ಕೆ. ಅಲ್ಲಿ ಕೆಲವು ಪುಟ್ಟ ಅಕ್ಷರಗಳಿರುತ್ತವೆ. ಅದು ಟಂಕಸಾಲೆಯ ಗುರುತು. ನಮ್ಮ ರೂಪಾಯಿಯಲ್ಲೂ ಇಂಥದ್ದು ಉಂಟು: ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೊಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರ ಇದ್ದರೆ ಮುಂಬೈ. ಲಂಡನ್ನಿನ ರೋಮನ್ ಟಂಕಸಾಲೆ 325ರಲ್ಲಿ ಮುಚ್ಚಿಹೋಯಿತು. ಹಾಗಾಗಿ ಕಾನ್‌ಸ್ಟಂಟೈನನ ನಾಣ್ಯದಲ್ಲಿ ಲಂಡನ್ನಿನ ಗುರುತು ಕಂಡರೆ, 325ರ ನಂತರದ ವರ್ಷಗಳನ್ನೆಲ್ಲ ಒಂದೇ ಏಟಿಗೆ ಬಿಟ್ಟುಬಿಡಬಹುದು.

ಹೆಸರು ಸವೆದುಹೋಗಿದ್ದರೆ? ಆಗ ಚಿತ್ರವೇ ಗತಿ. ಇಬ್ಬರು ಸೈನಿಕರು ಎದುರುಬದುರು ನಿಂತಿರುವ ತಾಮ್ರದ ಪುಟ್ಟ ನಾಣ್ಯವೊಂದಿದೆ. ಅವರ ನಡುವೆ ಎಷ್ಟು ಧ್ವಜಗಳಿವೆ ಎಂದು ಎಣಿಸಬೇಕು. ಎರಡಿದ್ದರೆ ಸುಮಾರು 330ರಿಂದ 335ರ ಒಳಗಿನದು; ಒಂದೇ ಇದ್ದರೆ ಅದರ ನಂತರದ್ದು. ಕಾರಣ ಸರಳ. 335ರ ಸುಮಾರಿಗೆ ನಾಣ್ಯದ ತೂಕ ಇಳಿಸಿ, ಗಾತ್ರ ಕುಗ್ಗಿಸಿ, ಚಿತ್ರವನ್ನೂ ಬದಲಿಸಿದರು. ಈ ಕಾಲದ ತಾಮ್ರದ ನಾಣ್ಯಗಳು ತಮಿಳುನಾಡಿನ ಕರೂರಿನಲ್ಲಿ, ಅಮರಾವತಿ ನದಿಯ ಮರಳಿನಲ್ಲೂ ಸಿಕ್ಕಿವೆ. ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಪೂರ್ವ ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳೇ ಸಿಕ್ಕಿವೆ.

ಇನ್ನು ಆ ಜೂನ್ ತಿಂಗಳ ನಾಣ್ಯ. ಅದು ನೆಪೋಟಿಯಾನಸ್ ಎಂಬುವನದು. ಕಾನ್‌ಸ್ಟಂಟೈನನ ತಂಗಿಯ ಮಗ. 350ರ ಜೂನ್ 3ರಂದು ರೋಮ್ ನಗರಕ್ಕೆ ನುಗ್ಗಿ ತಾನೇ ಚಕ್ರವರ್ತಿ ಎಂದು ಸಾರಿದ. 28ನೇ ದಿನಕ್ಕೆ ಅವನ ಕಥೆ ಮುಗಿಯಿತು. ಅಷ್ಟರೊಳಗೇ ಟಂಕಸಾಲೆಯವರು ಅವನ ಮುಖದ ಅಚ್ಚು ಕೊರೆದು, ನಾಣ್ಯ ಹೊಡೆದಿದ್ದರು! ಆಳಿದ್ದು ಇಷ್ಟು ಕಡಿಮೆ ದಿನವಾದ್ದರಿಂದಲೇ ಅವನ ನಾಣ್ಯ ಅಪರೂಪ, ಅದೇ ಕಾರಣಕ್ಕೆ ಕಾಲವೂ ಅಷ್ಟು ಕರಾರುವಾಕ್ಕು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಕಥೆ ಡೊಮಿಷಿಯಾನಸ್‌ನದು. 1900ರಲ್ಲಿ ಫ್ರಾನ್ಸಿನ ನಾಂತ್ ಊರಿನ ಹತ್ತಿರ ಸಿಕ್ಕ ನಾಣ್ಯದ ರಾಶಿಯಲ್ಲಿ ಈ ಹೆಸರಿನ ಒಂದು ನಾಣ್ಯವಿತ್ತು. ಗಡ್ಡದ ಮುಖ, ಸೂರ್ಯಕಿರಣಗಳಂಥ ಚೂಪು ಚೂಪಾದ ಕಿರೀಟ. ಇದೇ ಹೆಸರಿನ ಚಕ್ರವರ್ತಿ ಮೊದಲನೆಯ ಶತಮಾನದಲ್ಲಿ ಒಬ್ಬನಿದ್ದ, ಇವನು ಅವನಲ್ಲ. ಜೋಸಿಮಸ್ ಎಂಬ ಹಳೆಯ ಇತಿಹಾಸಕಾರ, ದಂಗೆ ಎದ್ದವರ ಪಟ್ಟಿಯಲ್ಲಿ ಡೊಮಿಷಿಯಾನಸ್ ಎಂಬ ಹೆಸರು ಹೇಳಿದ್ದಾನೆ, ಅಷ್ಟೇ. ಹಾಗಾಗಿ ಹಲವರು ‘ಇದು ನಕಲಿ’ ಎಂದು ತಳ್ಳಿಹಾಕಿದರು.

2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಚಾಲ್‌ಗ್ರೋವ್ ಎಂಬ ಹಳ್ಳಿಯ ಹೊಲದಲ್ಲಿ ಒಂದು ಮಡಕೆ ಸಿಕ್ಕಿತು. ಒಳಗೆ ಸುಮಾರು 5,000 ನಾಣ್ಯಗಳು, ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು. ಅಂಟಿಸಿದ್ದು ಕಿಲುಬು. ಆ ನಾಣ್ಯಗಳಲ್ಲಿ ಬೆಳ್ಳಿ ಅತಿ ಕಡಿಮೆ, ಉಳಿದದ್ದು ಹೆಚ್ಚಾಗಿ ತಾಮ್ರ. ಮಣ್ಣಿನ ತೇವ, ಉಪ್ಪು, ಗಾಳಿ ಸೇರಿ ತಾಮ್ರ ಹಸಿರು ಕಿಲುಬಾಗುತ್ತದೆ. ಅಕ್ಕಪಕ್ಕದ ನಾಣ್ಯಗಳ ಕಿಲುಬು ಬೆಳೆದು ಒಂದರೊಳಗೊಂದು ಬೆಸೆದುಕೊಳ್ಳುತ್ತದೆ. ಮನೆಯಲ್ಲಿ ತಾಮ್ರದ ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತೇವಲ್ಲ, ಇಂಥ ನಾಣ್ಯಕ್ಕೆ ಹಾಗೆ ಮಾಡಲೇಬಾರದು. ಎಷ್ಟೋ ಸಲ ಅಕ್ಷರಗಳು ಉಳಿದಿರುವುದು ಆ ಕಿಲುಬಿನ ಪದರದಲ್ಲೇ. ಹುಳಿ ತಾಗಿದರೆ ಕಿಲುಬು ಕರಗುತ್ತದೆ, ಅದರ ಜೊತೆ ಹೆಸರೂ ಹೋಗುತ್ತದೆ. ಬ್ರಿಟಿಷ್ ಮ್ಯೂಸಿಯಂನವರು ಒಂದೊಂದೇ ನಾಣ್ಯವನ್ನು ಹುಷಾರಾಗಿ ಬಿಡಿಸಿದಾಗ, ಒಂದರ ಮೇಲೆ ಕಂಡದ್ದು ಡೊಮಿಷಿಯಾನಸ್!

1900ರಲ್ಲಿ ಸಿಕ್ಕಿದ್ದನ್ನೂ ಇದನ್ನೂ ಹೋಲಿಸಿ ನೋಡಿದರು. ಆಗಿನ ಅಚ್ಚನ್ನು ಕುಶಲಕರ್ಮಿ ಕೈಯಲ್ಲೇ ಕೊರೆಯುತ್ತಿದ್ದ, ಅದೂ ಎಲ್ಲವನ್ನೂ ತಿರುವುಮುರುವಾಗಿ. ಎಷ್ಟೇ ಪಳಗಿದ ಕೈಯಾದರೂ ಅದೇ ಗಡ್ಡ, ಅದೇ ಅಕ್ಷರ ಎರಡನೇ ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದಿಲ್ಲ. ಈ ಎರಡು ನಾಣ್ಯಗಳು ಮಾತ್ರ ಎರಡೂ ಮಗ್ಗುಲಲ್ಲಿ ತಾಳೆಯಾದವು. ಒಂದೇ ಜೋಡಿ ಅಚ್ಚಿನಲ್ಲಿ ಹೊಡೆದವು! ಮುಖ ಕೊರೆದಿರುವ ರೀತಿ ವಿಕ್ಟೋರಿನಸ್, ಟೆಟ್ರಿಕಸ್ ಎಂಬಿಬ್ಬರ ನಾಣ್ಯಗಳಿಗೆ ತೀರ ಹತ್ತಿರ. ಇಂದಿನ ಫ್ರಾನ್ಸ್ ಇರುವ ಗಾಲ್ ನಾಡು ರೋಮಿನಿಂದ ಸಿಡಿದು ಬೇರೆಯಾಗಿದ್ದಾಗ ಅದನ್ನು ಒಬ್ಬನ ನಂತರ ಒಬ್ಬ ಆಳಿದವರು ಇವರು. ಅವರಿಬ್ಬರ ನಡುವೆ, ಸುಮಾರು 271ರಲ್ಲಿ, ಡೊಮಿಷಿಯಾನಸ್ ಸ್ವಲ್ಪ ಕಾಲ ಗದ್ದುಗೆ ಹಿಡಿದಿರಬೇಕು.

ಈ ಎರಡನೇ ನಾಣ್ಯವೂ ನಕಲಿ ಎನ್ನಲು ಯಾರಿಗೂ ದಾರಿ ಉಳಿಯಲಿಲ್ಲ. ಅದು ಸಿಕ್ಕಿದ್ದು ಸುಮಾರು 1,700 ವರ್ಷಗಳ ಕಿಲುಬಿನಲ್ಲಿ ಬೆಸೆದ ಹೆಂಟೆಯೊಳಗಿಂದ. 1900ರ ಯಾವ ಮೋಸಗಾರನ ಕೈಯೂ ಅಲ್ಲಿಗೆ ಹೋಗಿರಲು ಸಾಧ್ಯವಿರಲಿಲ್ಲ. ಮಡಕೆ ಸಿಕ್ಕವರು ಆ ಹೆಂಟೆಯನ್ನು ತಾವೇ ಒಡೆದು, ತೊಳೆದು, ನಾಣ್ಯಗಳನ್ನು ಹಂಚಿಬಿಟ್ಟಿದ್ದರೆ ಈ ಸಾಕ್ಷಿ ಇರುತ್ತಿರಲಿಲ್ಲ.